ಪದಚರ್ಚೆ: ಕರುಣೆ, ದಯೆ, ಕೃಪೆ – ಸಮಾಧಿ ಕಲ್ಲಿಗೆ ಯಾವುದು? (ಗುರುವಾರದೊಳಗೆ ಬೇಕು)

ಬೆಟಗೇರಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡವ್ವ ಹೋದ ತಿಂಗಳು ತೀರಿಕೊಂಡರು. ಸಮಾಧಿಗೆ ಕಲ್ಲು ಹಾಕಿಸುತ್ತಿದ್ದೇವೆ. ಕೆತ್ತುವವರಿಗೆ ಗುರುವಾರ ಬರಹ ಕೊಡಬೇಕು. ಜಾಗ ಇರುವುದು ಎರಡೇ ಸಾಲಿಗೆ. ಅಕ್ಷರಕ್ಕಿಷ್ಟು ಅಂತ ರೇಟು.

ದೊಡ್ಡವ್ವ ಇದ್ದಾಗಲೇ ಹೇಳಿದ್ದರು: "ನಾ ಭಾಳ ಒಳ್ಳೇಕಿ ಇದ್ದೆ ಅಂತೇನೂ ಬರಸಬ್ಯಾಡ್ರಿ. ದೇವರು ಉಳಿಸ್ಯಾನ, ಅಷ್ಟು ಬರಸ್ರಿ." ಅವರ ಮನಸ್ಸಲ್ಲಿ ಇದ್ದದ್ದು ಬೈಬಲಿನಲ್ಲಿ ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ. ದೇವರ ಕರುಣೆ, ಪ್ರೀತಿಯೇ ಕಾರಣ, ನಾವು ಮಾಡಿದ ಪುಣ್ಯ ಅಲ್ಲ ಅನ್ನುವ ಮಾತು. ಇಡೀ ವಚನ ಕಲ್ಲಿನಲ್ಲಿ ಹಿಡಿಸುವುದಿಲ್ಲ. ಮನೆಯಲ್ಲಿ ಅಕ್ಕ ಕೃಪೆ ಅನ್ನುತ್ತಾಳೆ, ಅಪ್ಪ ಕರುಣೆ ಅನ್ನುತ್ತಾರೆ. ಕರುಣೆಗೆ ಮೂರಕ್ಷರ, ದಯೆಗೆ ಎರಡೇ ಅಂತ ಮಾವನ ಲೆಕ್ಕ. ಜೊತೆಗೆ "ರಕ್ಷಣೆ ಹೊಂದಿದವಳು" ಅನ್ನಬೇಕಾ, "ಉಳಿದವಳು" ಸಾಕಾ? ದಯವಿಟ್ಟು ಬೇಗ ಹೇಳಿ.

ಅಚ್ಚಗನ್ನಡಿಗ:

ಮೂರೂ ಸಂಸ್ಕೃತ. ಮೂರೂ ಬೇಡ. "ಒಲುಮೆ" ಅನ್ನಿ. "ನೀನೊಲಿದರೆ ಕೊರಡು ಕೊನರುವುದಯ್ಯಾ" ಅಂತ ಬಸವಣ್ಣ ಹೇಳಿ ಎಂಟುನೂರು ವರ್ಷಕ್ಕೂ ಮೇಲಾಯಿತು. ಒಣಗಿದ ಕೊರಡು ಚಿಗುರುವುದು ಅಲ್ಲಿ. ನಿಮ್ಮ ಎಫೆಸ ಪತ್ರದಲ್ಲೂ ಸತ್ತವರನ್ನು ಬದುಕಿಸುವ ಮಾತೇ ಇದೆ. "ದೇವರ ಒಲುಮೆಯಿಂದ ಉಳಿದವಳು." ಮುಗಿಯಿತು.

ಕಡಲ ಕರೆ:

ಮುಗಿಯಲಿಲ್ಲ ಸ್ವಾಮಿ. ಸಮಾಧಿ ಕಲ್ಲಿನ ಮೇಲೆ "ಉಳಿದವಳು" ಅಂತ ಕೆತ್ತಿಸಿದರೆ ಓದಿದವರು ಏನಂದುಕೊಳ್ಳಬೇಕು? ಇನ್ನು ಒಲುಮೆ ಈಗ ಮದುವೆ ಕಾಗದಕ್ಕೆ ಸೇರಿದ ಪದ.

ವಚನದ ಸಾಲು ಚೆನ್ನಾಗಿದೆ, ಒಪ್ಪಿದೆ. ಆದರೆ ಬಳಕೆಯಲ್ಲಿ "ದೇವರು ಒಲಿದ" ಅಂದ ಕೂಡಲೇ "ಯಾವುದಕ್ಕೆ?" ಅಂತ ಕೇಳುತ್ತೇವೆ. ಭಕ್ತಿಗೆ ಒಲಿದ, ತಪಸ್ಸಿಗೆ ಒಲಿದ. ಆ ಪತ್ರ ಹೇಳುವುದು ತಿರುಗುಮುರುಗು. ಈ ಕಡೆಯಿಂದ ಏನೂ ಸಲ್ಲದೆ ಇದ್ದಾಗ ಆ ಕಡೆಯಿಂದ ಬಂದದ್ದು. ಅದಕ್ಕೆ ಕನ್ನಡದಲ್ಲಿ ಈಗ ನೆಟ್ಟಗೆ ಕೂರುವ ಪದ ಕೃಪೆ. ನಂಬಿಕೆ ಬರದಿದ್ದರೆ ಪರೀಕ್ಷೆಯ ಕೃಪಾಂಕ ನೆನಪಿಸಿಕೊಳ್ಳಿ. ಓದಿ ಗಳಿಸಿದ ಅಂಕಕ್ಕೆ ಯಾರೂ ಕೃಪಾಂಕ ಅನ್ನುವುದಿಲ್ಲ.

ಹಳೇ ಮೇಷ್ಟ್ರು:

ಕರುಣೆಯನ್ನು ಸಂಸ್ಕೃತಕ್ಕೆ ಬಿಟ್ಟುಕೊಡಬೇಡಿ. ಅದು ನಮ್ಮ "ಕರುಳು" ಪದದಿಂದಲೇ ಬಂದದ್ದು ಅಂತ ನಾನು ಈ ಚರ್ಚಾಪಟ್ಟಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಕರುಳಿನಲ್ಲಿ ಹುಟ್ಟುವುದು ಕರುಣೆ. ಹೀಬ್ರೂವಿನಲ್ಲೂ ಹಾಗೇ. "ರೆಹೆಮ್" ಅಂದರೆ ಗರ್ಭ, "ರಹಮೀಮ್" ಅಂದರೆ ಕರುಣೆ. ಗ್ರೀಕಿನ "ಸ್ಪ್ಲಾಂಖ್ನ" ಅಂದರೆ ನೇರವಾಗಿ ಒಳಗಿನ ಕರುಳು. ಇನ್ನೇನು ಬೇಕು?

ಕಡಲ ಕರೆ:

ಕರುಳು–ಕರುಣೆ: ಎರಡಕ್ಷರದ ಹೋಲಿಕೆ, ಅಷ್ಟೇ. ಹೀಬ್ರೂವಿನಲ್ಲಿ ಗರ್ಭಕ್ಕೂ ಕರುಣೆಗೂ ನಂಟಿದ್ದರೆ ಅದು ಹೀಬ್ರೂವಿನ ಮಾತು. ಕನ್ನಡಕ್ಕೆ ಸಾಕ್ಷಿ ಅಲ್ಲ.

ಆದರೆ ಮೇಷ್ಟ್ರು ಸ್ಪ್ಲಾಂಖ್ನ ಎತ್ತಿದ್ದು ಒಳ್ಳೆಯದಾಯಿತು. ಲೂಕ 15ರಲ್ಲಿ ಮನೆ ಬಿಟ್ಟು ಹೋದ ಮಗ ತಿರುಗಿ ಬರುವಾಗ ಅಪ್ಪ ದೂರದಿಂದಲೇ ನೋಡುತ್ತಾನಲ್ಲ, ಅಲ್ಲಿ ಬರುವ ಕ್ರಿಯಾಪದ ಇದೇ ಬೇರಿನದು. ನಮ್ಮ ಬೈಬಲಿನಲ್ಲಿ "ಕನಿಕರಪಟ್ಟು" ಅಂತಿದೆ. ನನ್ನನ್ನು ಕೇಳಿದರೆ "ಕರುಳು ಚುರ್ ಅಂದು" ಅನ್ನುತ್ತಿದ್ದೆ. ಕನಿಕರ ಈಗ ಬಸ್‌ ಸ್ಟ್ಯಾಂಡಿನಲ್ಲಿ ಚಿಲ್ಲರೆ ಹಾಕುವವರ ಮುಖಕ್ಕೆ ಹೊಂದುತ್ತದೆ, ಓಡಿ ಬಂದು ತಬ್ಬಿಕೊಂಡ ಅಪ್ಪನಿಗಲ್ಲ.

ಕೇಳಿದ ತಂಗಿಗೆ: ಎಫೆಸ 2ರ ಗ್ರೀಕ್ ಮೂಲದಲ್ಲಿ ಮೂರು ಬೇರೆ ಪದಗಳಿವೆ. 4ನೇ ವಚನದಲ್ಲಿ "ಎಲೆಯೊಸ್", ಅದು ಕರುಣೆ. ಅಲ್ಲೇ "ಅಗಾಪೆ", ಅದು ಪ್ರೀತಿ. 5 ಮತ್ತು 8ರಲ್ಲಿ "ಖಾರಿಸ್", ಅದು ಕೃಪೆ. ಇಲ್ಲೊಂದು ಸ್ವಾರಸ್ಯ ಇದೆ. ಬೈಬಲಿನ 136ನೇ ಕೀರ್ತನೆಯಲ್ಲಿ "ಆತನ ಕೃಪೆಯು ಶಾಶ್ವತವಾದದ್ದು" ಅಂತ 26 ಸಲ ಬರುತ್ತದಲ್ಲ, ಅದು ಹೀಬ್ರೂವಿನ "ಹೆಸೆದ್". ಹಳೆಯ ಗ್ರೀಕ್ ಅನುವಾದ ಅದಕ್ಕೆ ಎಲೆಯೊಸ್ ಹಾಕಿತು. ಅಂದರೆ ಗ್ರೀಕಿನ ಲೆಕ್ಕದಲ್ಲಿ ಕೀರ್ತನೆಯದು ಕರುಣೆ, ಪೌಲನದು ಕೃಪೆ. ಕನ್ನಡದಲ್ಲಿ ಎರಡು ಹೊಳೆ ಬಂದು ಒಂದೇ ಕೆರೆಗೆ ಬಿದ್ದಿವೆ. ಹಾಗಾಗಿ ಅಕ್ಕ, ಅಪ್ಪ ಇಬ್ಬರೂ ತಪ್ಪಲ್ಲ. ಮಾವನ ಲೆಕ್ಕ ಮಾತ್ರ ತಪ್ಪು, ಕೃಪೆಗೂ ಎರಡೇ ಅಕ್ಷರ.

ವಿಭಕ್ತಿ ವಿಷಯ. ಗ್ರೀಕಿನ "ದಿಯಾ" ಇಲ್ಲಿ ಎರಡು ಕಡೆ ಬರುತ್ತದೆ. ಪ್ರೀತಿಯ ಜೊತೆ ಬಂದಾಗ ಕಾರಣ, ನಂಬಿಕೆಯ ಜೊತೆ ಬಂದಾಗ ದಾರಿ. ನಾವು ಒಂದಕ್ಕೆ "ನಿಮಿತ್ತ", ಇನ್ನೊಂದಕ್ಕೆ "ಮೂಲಕ" ಅನ್ನುತ್ತೇವೆ. ಕೃಪೆಗೆ ದಿಯಾ ಕೂಡ ಇಲ್ಲ, ಬರೀ ವಿಭಕ್ತಿ. ನಮ್ಮ "ಇಂದ" ಸಾಕು. ಆದರೆ "ಇಂದಲೇ" ಅನ್ನಿ. ಆ ಏಕಾರ ಬಿಟ್ಟರೆ ದೊಡ್ಡವ್ವ ಹೇಳಿದ್ದೇ ಬಿಟ್ಟಂತೆ.

ಅಚ್ಚಗನ್ನಡಿಗ:

ಗ್ರೀಕು, ಹೀಬ್ರೂ ಎಲ್ಲ ಆಯಿತು. ಕನ್ನಡಕ್ಕೆ ಮಾತ್ರ ಜಾಗ ಇಲ್ಲ. ರಕ್ಷಣೆ ಅಂದರೆ ರಕ್ಷಣಾ ಸಚಿವರು ನೆನಪಾಗುತ್ತಾರೆ. "ಬಿಡುಗಡೆ" ಯಾಕೆ ಬೇಡ?

ಕಡಲ ಕರೆ:

ಬಿಡುಗಡೆ ಚೆನ್ನಾಗಿದೆ, ಆದರೆ ಜೈಲು ನೆನಪಾಗುತ್ತದೆ. ನಮ್ಮ ಕಥೋಲಿಕರಲ್ಲಿ "ಉದ್ಧಾರ" ಅಂತಾರೆ, "ನೀನು ಉದ್ಧಾರ ಆಗಲ್ಲ" ಅಂತ ಬೈಸಿಕೊಂಡವರಿಗೆ ಅದೂ ಕಷ್ಟ. ಮೋಕ್ಷ ಅಂದರೆ ಮರುಹುಟ್ಟಿನ ಲೆಕ್ಕ ಒಳಗೆ ಬರುತ್ತದೆ. ಯಾವ ಪದವೂ ಖಾಲಿ ಮನೆಯಲ್ಲ.

ಇನ್ನು ಅಚ್ಚಗನ್ನಡದ ಮಾತು. ಆ ಕಲ್ಲಿನ ಮೇಲೆ ಶಿಲುಬೆ ಇರುತ್ತದೆ ಅಲ್ವಾ? ಶಿಲುಬೆ ಸಿರಿಯಾಕ್ ಕಡೆಯಿಂದ ಬಂದ ಪದ. ಅಲ್ಲಿ ಪ್ರಾರ್ಥನೆ ಮಾಡುವ ಪಾದ್ರಿ ಪೋರ್ಚುಗೀಸಿನಿಂದ. ಕೈಯಲ್ಲಿರುವ ಬೈಬಲ್ ಗ್ರೀಕಿನಿಂದ. ಅವೆಲ್ಲ ನಡೆಯುತ್ತದೆ, ಕೃಪೆ ಒಂದು ಬಂದರೆ ಕನ್ನಡ ಕೆಡುತ್ತದೆ!

ಅಚ್ಚಗನ್ನಡಿಗ:

ಬಂದವರೆಲ್ಲ ಬಂದರು ಅಂತ ಬಾಗಿಲು ಕಿತ್ತು ಹಾಕಬೇಕಾಗಿಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೆಲಸ ಮಾಡಿ 1831ಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅವತ್ತು ಪಂಡಿತರ ಪಕ್ಕ ಕೂರುವ ಬದಲು ಸಂತೆಯಲ್ಲಿ ಕೂತಿದ್ದರೆ ಇವತ್ತು ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ಹಳೇ ಮೇಷ್ಟ್ರು:

ಸಂತೆಯಲ್ಲಿ ಕೂತಿದ್ದರೆ ಕರುಳು ಸಿಗುತ್ತಿತ್ತು. ಅದನ್ನೇ ನಾನು ಹೇಳುತ್ತಿರುವುದು.

ಬೆಟಗೇರಿ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ರಕ್ಷಣೆ, ಉಳಿದವಳು ಎರಡನ್ನೂ ಬಿಟ್ಟೆವು. ಸಮಾಧಿ ಹತ್ತಿರ ನಿಂತವರಿಗೆ ಯಾವುದರ ಮಾತು ಅಂತ ಗೊತ್ತಾಗುತ್ತದೆ. ಹೀಗೆ ಕೊಟ್ಟಿದ್ದೇವೆ:

ನನ್ನಿಂದಲ್ಲ,
ದೇವರ ಪ್ರೀತಿಯಿಂದ, ಕೃಪೆಯಿಂದಲೇ.

ಅಪ್ಪನಿಗೆ ಕರುಣೆ ಬಿಟ್ಟಿದ್ದಕ್ಕೆ ಸ್ವಲ್ಪ ಬೇಜಾರು. ಮಾವನಿಗೆ "ಇಂದಲೇ" ಉದ್ದ ಆಯಿತು ಅಂತ ಬೇಜಾರು.

ಕಡಲ ಕರೆ:

ಚೆನ್ನಾಗಿದೆ ತಂಗಿ. ಒಂದು ಮಾತು. ಕೆತ್ತುವ ಮೊದಲು ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆಸಿ ನೋಡಿ. "ಕೃ"ಗೆ ವಟ್ರಸುಳಿ. ಎಷ್ಟೋ ಬೋರ್ಡುಗಳಲ್ಲಿ "ಕ್ರುಪೆ" ಅಂತ ಬರೆದಿರುವುದನ್ನು ಕಂಡಿದ್ದೇನೆ. ಬೋರ್ಡಾದರೆ ಅಳಿಸಿ ಬರೆಯಬಹುದು.