ಗುಳೆ ಬಗ್ಗೆ ಗಟ್ಟಿ ಸಂಶೋಧನೆ ನಮ್ಮಲ್ಲೇ ಆಗಬೇಕು: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಕಲಬುರಗಿ, ಸಮಾಜಶಾಸ್ತ್ರ ಉಪನ್ಯಾಸಕಿ

ನಮ್ಮ ವಿಭಾಗದಲ್ಲಿ ಕಾಯಂ ಇರುವವರು ಮೂವರೇ. ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ವಲಸೆ ಬಗ್ಗೆ, ಹೋದವರು ಹೊಸ ಊರಲ್ಲಿ ಹೇಗೆ ಬೆರೆಯುತ್ತಾರೆ ಎನ್ನುವುದರ ಬಗ್ಗೆ ಒಂದು ಅಧ್ಯಯನ ಕೇಂದ್ರ ಮಾಡೋಣ ಅಂತ ಮಾತು ನಡೆದಿದೆ. ಮೊದಲು ಹೊರದೇಶದ ಯಾವುದಾದರೂ ವಿಶ್ವವಿದ್ಯಾಲಯದ ಜೊತೆ ಒಡಂಬಡಿಕೆ ಆಗಲಿ, ಉಳಿದದ್ದು ಆಮೇಲೆ ಅನ್ನುತ್ತಾರೆ ಹಿರಿಯರು. ನನಗೆ ಅದು ಸರಿ ಕಾಣುತ್ತಿಲ್ಲ. ಬದಲಿಗೆ ಏನು ಮಾಡಬೇಕು ಅಂತಲೂ ಗೊತ್ತಾಗುತ್ತಿಲ್ಲ. ಅಂಕಿಅಂಶ ಎಲ್ಲಿ ಸಿಗುತ್ತದೆ? ಯಾರ ಜೊತೆ ಕೈಜೋಡಿಸಬೇಕು? ದುಡ್ಡು? ಅನುಭವ ಇದ್ದವರು ಬರೆಯಿರಿ.

ಕಲಬುರಗಿ, ಅರ್ಥಶಾಸ್ತ್ರ ಪ್ರಾಧ್ಯಾಪಕ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಒಡಂಬಡಿಕೆಯ ಫೋಟೋ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ತೋರಿಸಲಿಕ್ಕೆ ಆಗುತ್ತದೆ. ಅದರಿಂದ ಒಬ್ಬ ಹುಡುಗನಿಗೂ ಸರ್ವೆ ಮಾಡಲಿಕ್ಕೆ ಬರುವುದಿಲ್ಲ.

ಸರ್ಕಾರಿ ಲೆಕ್ಕದಿಂದ ಶುರು ಮಾಡಿ. ಅದರಲ್ಲಿ ನಮ್ಮ ಭಾಗದ ಗುಳೆ ಎಷ್ಟು ಕಾಣುತ್ತದೆ, ಎಷ್ಟು ಜಾರಿಹೋಗುತ್ತದೆ ಅಂತ ಹುಡುಗರಿಗೆ ತೋರಿಸಿ. 2020-21ರ ಪಿಎಲ್‌ಎಫ್‌ಎಸ್ (ಕೇಂದ್ರ ಸರ್ಕಾರದ ದುಡಿಮೆ ಸಮೀಕ್ಷೆ) ಪ್ರಕಾರ ದೇಶದಲ್ಲಿ ನೂರಕ್ಕೆ 28.9 ಜನ ವಲಸಿಗರು. ಹೆಂಗಸರಲ್ಲಿ 47.9, ಗಂಡಸರಲ್ಲಿ 10.7. ಇಷ್ಟೊಂದಾ ಅನಿಸುತ್ತದೆ, ಅಲ್ವಾ? ಒಳಗೆ ನೋಡಿದರೆ ಆ ಹೆಂಗಸರಲ್ಲಿ ನೂರಕ್ಕೆ 86.8 ಮಂದಿ ಮದುವೆಯಾಗಿ ಊರು ಬಿಟ್ಟವರು. ಆಳಂದದಿಂದ ಅಫಜಲಪುರಕ್ಕೆ ಸೊಸೆಯಾಗಿ ಹೋದವಳು ಈ ಲೆಕ್ಕಕ್ಕೆ ಬರುತ್ತಾಳೆ. ಅವಳ ಅಣ್ಣ ದೀಪಾವಳಿ ಮುಗಿಸಿ ಪುಣೆಗೆ ಹೋಗಿ, ನಾಲ್ಕು ತಿಂಗಳು ಸೆಂಟ್ರಿಂಗ್ ಕೆಲಸ ಮಾಡಿ ಯುಗಾದಿಗೆ ವಾಪಸ್ ಬಂದರೆ ಅವನು ಬರುವುದೇ ಇಲ್ಲ.

ಅಂಥವರಿಗಾಗಿ 2007-08ರ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 64ನೇ ಸುತ್ತು ನೋಡಿ. ವರ್ಷದಲ್ಲಿ ಒಂದು ತಿಂಗಳಿಂದ ಆರು ತಿಂಗಳೊಳಗೆ ದುಡಿಮೆಗಾಗಿ ಹೊರಗಿದ್ದವರನ್ನು ಅಲ್ಲಿ ಬೇರೆಯಾಗಿ ಎಣಿಸಿದ್ದಾರೆ. ಹಳೆಯದು, ನಿಜ. ಒಂದು ಜಿಲ್ಲೆಯ ಬಗ್ಗೆ ಗಟ್ಟಿಯಾಗಿ ಮಾತಾಡುವಷ್ಟು ಮನೆಗಳೂ ಅದರಲ್ಲಿ ಇಲ್ಲ. ಯಾದಗಿರಿ ಜಿಲ್ಲೆಯಾದದ್ದೇ 2009ರ ಕೊನೆಗೆ, ಹಾಗಾಗಿ ಆ ಹೆಸರೂ ಸಿಗದು.

ಇನ್ನು ಜನಗಣತಿ. 2011ರ ವಲಸೆ ಕೋಷ್ಟಕಗಳು ಬಹುಪಾಲು ಹೊರಬಂದದ್ದು 2019ರಲ್ಲಿ. ಮುಂದಿನ ಗಣತಿಯಲ್ಲಿ ತಲೆ ಎಣಿಕೆ 2027ರ ಫೆಬ್ರವರಿಗೆ ಅಂತ ಗೊತ್ತುಮಾಡಿದ್ದಾರೆ. ಫೆಬ್ರವರಿ! ತೊಗರಿ ರಾಶಿ ಮುಗಿದಿರುತ್ತದೆ, ಹೊಲದಲ್ಲಿ ಕೆಲಸ ಇರುವುದಿಲ್ಲ, ತಾಂಡಾಗಳಲ್ಲಿ ಅರ್ಧ ಮನೆಗೆ ಬೀಗ. ಆ ತಿಂಗಳು ಬೀಗ ಹಾಕಿದ ಮನೆಗಳನ್ನು ನಿಮ್ಮ ಹುಡುಗರೇ ಒಂದು ಸಲ, ಮಳೆಗಾಲದಲ್ಲಿ ಮತ್ತೊಂದು ಸಲ ಎಣಿಸಿಟ್ಟರೆ ಅದೊಂದೇ ಒಳ್ಳೆಯ ಪ್ರಬಂಧ ಆಗುತ್ತದೆ. ಬೇರೆ ಯಾರ ಹತ್ತಿರವೂ ಆ ಲೆಕ್ಕ ಇರುವುದಿಲ್ಲ.

ಯಾದಗಿರಿ, ಪದವಿ ಕಾಲೇಜು ಉಪನ್ಯಾಸಕ

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಯಾವಾಗ ಹೋಗುತ್ತೀರಿ ಎನ್ನುವುದೇ ನಿಮಗೆ ಸಿಗುವ ಉತ್ತರವನ್ನು ನಿರ್ಧರಿಸುತ್ತದೆ. ಜನವರಿಯಲ್ಲಿ ಊರಿಗೆ ಹೋದರೆ ಮುದುಕರು, ಸಣ್ಣ ಮಕ್ಕಳು ಸಿಗುತ್ತಾರೆ. ಮೊಹರಂಗೆ ಹೋದರೆ ಇಡೀ ಊರು ಸಿಗುತ್ತದೆ. ನಮ್ಮ ಕಡೆ ಮೊಹರಂ ಎಲ್ಲ ಜಾತಿಯವರ ಹಬ್ಬ. ಬೆಂಗಳೂರು, ಮುಂಬೈಯಲ್ಲಿದ್ದವರು ದೀಪಾವಳಿ ಬಿಟ್ಟಾರು, ಅಲಾಯಿ ಕುಣಿತ ಬಿಡರು. ಒಂದೇ ತೊಂದರೆ ಅಂದರೆ ಅದು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಬರುತ್ತದೆ. ಬಿತ್ತನೆ ಹೊತ್ತಿಗೆ ಬಿದ್ದ ಮೊಹರಂಗೂ ಬೇಸಿಗೆಯಲ್ಲಿ ಬಿದ್ದ ಮೊಹರಂಗೂ ಹೋಲಿಕೆ ಮಾಡುವಾಗ ಎಚ್ಚರ ಇರಲಿ.

ಪ್ರಶ್ನೆ ಕೇಳುವ ರೀತಿ ಕೂಡ. "ಕಳೆದ ವರ್ಷ ಎಷ್ಟು ತಿಂಗಳು ಹೊರಗಿದ್ರಿ" ಅಂದರೆ ಸುಮ್ನೆ ಒಂದು ಅಂದಾಜು ಹೇಳುತ್ತಾರೆ. "ಸೀಗಿ ಹುಣ್ಣಿಮೆಗೆ ಎಲ್ಲಿದ್ರಿ? ಎಳ್ಳ ಅಮಾವಾಸ್ಯೆಗೆ? ಯುಗಾದಿಗೆ? ಕಾರ ಹುಣ್ಣಿಮೆಗೆ?" ಅಂತ ಕೇಳುತ್ತಾ ಹೋಗಿ. ಪಕ್ಕದಲ್ಲಿ ಕೂತ ಹೆಂಡತಿ ತಿದ್ದುತ್ತಾಳೆ. ಹತ್ತು ನಿಮಿಷದಲ್ಲಿ ವರ್ಷದ ಚಿತ್ರ ಬರುತ್ತದೆ. ಜೊತೆಗೆ ಮುಂಗಡ ಯಾರು ಕೊಟ್ಟರು, ಎಷ್ಟು, ತೀರಿತಾ ಅಂತ ಕೇಳಿ. ಇದನ್ನು ಮೊದಲ ದಿನ ಕೇಳಬೇಡಿ. ಗುತ್ತಿಗೆದಾರ ಬಹಳ ಸಲ ಅದೇ ಓಣಿಯವನು ಆಗಿರುತ್ತಾನೆ.

ಶಾಲೆ ಹಾಜರಿ ಪುಸ್ತಕ ನೋಡುವುದನ್ನು ಮರೆಯಬೇಡಿ. ನವೆಂಬರ್‌ನಿಂದ ಯಾವ ಮಗು ಕಾಣೆ, ಯಾವಾಗ ವಾಪಸ್ ಬಂತು ಎಲ್ಲ ಅಲ್ಲೇ ಇದೆ. ಹೆಡ್‌ಮಾಸ್ತರಿಗೆ ಒಂದು ಪತ್ರ ಕೊಟ್ಟು, ಮಕ್ಕಳ ಹೆಸರು ಬರೆದುಕೊಳ್ಳುವುದಿಲ್ಲ ಅಂತ ಹೇಳಿ ಕೇಳಿದರೆ ತೋರಿಸುತ್ತಾರೆ.

ಸರ್ವೆ ಮಾಡುವವರು ಎಲ್ಲಿ ಅಂತ ಹುಡುಕಬೇಡಿ. ನಿಮ್ಮ ಎಂಎ ತರಗತಿಯಲ್ಲೇ ಅಣ್ಣ, ಅಕ್ಕ, ಅಪ್ಪ ಬೆಂಗಳೂರಿನ ಕೂಲಿಕಾರರ ಶೆಡ್‌ನಲ್ಲಿ ಇರುವವರು ಎಷ್ಟು ಮಂದಿ ಕೇಳಿ ನೋಡಿ. ಮೊಬೈಲ್‌ನಲ್ಲಿ ಮಾಹಿತಿ ತುಂಬುವ ಕೋಬೋ ಟೂಲ್‌ಬಾಕ್ಸ್ ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೂ ಫಾರ್ಮ್ ಮಾಡಬಹುದು, ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ. ಅದನ್ನು ಅವರು ನಮಗಿಂತ ಬೇಗ ಕಲಿಯುತ್ತಾರೆ.

ಬೀದರ್, ಇತಿಹಾಸ ಸಂಶೋಧಕ

ಜಾಲ ಕಟ್ಟುವ ಬಗ್ಗೆ ನನ್ನದು ಒಂದೇ ಮಾತು. ಜನ ಯಾವ ದಾರಿ ಹಿಡಿದು ಹೋಗುತ್ತಾರೋ ಆ ದಾರಿಯ ಕೊನೆಯಲ್ಲಿ ಇರುವವರ ಜೊತೆ ಸ್ನೇಹ ಮಾಡಿ. ನಮ್ಮ ಬೀದರ್‌ನವರು ಹೈದರಾಬಾದ್‌ಗೆ ಹೋಗುತ್ತಾರೆ, ಹಾಗಾಗಿ ನನಗೆ ಅಲ್ಲಿನ ಸಂಶೋಧಕರು ಬೇಕು. ಯಾದಗಿರಿಯವರಿಗೆ ಬೆಂಗಳೂರು. ಕಲಬುರಗಿಯವರಿಗೆ ಸೊಲ್ಲಾಪುರ, ಪುಣೆ, ಮುಂಬೈ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ಕಡೆ ಮುಂಬೈ, ಇನ್ನೊಂದು ಕಡೆ ಬೆಂಗಳೂರು. ನಿಮ್ಮ ಅಧ್ಯಯನದ ನಕ್ಷೆ ಅದೇ. ಮುಂಬೈಯಲ್ಲಿ ಐಐಪಿಎಸ್ ಇದೆ, 1956ರಿಂದ ಜನಸಂಖ್ಯೆ ಬಗ್ಗೆಯೇ ಕಲಿಸುವ ಸಂಸ್ಥೆ. ಬೆಂಗಳೂರಿನಲ್ಲಿ ಸಮಾಜ, ಅರ್ಥವ್ಯವಸ್ಥೆ ಬಗ್ಗೆ ಸಂಶೋಧನೆ ಮಾಡುವ ಐಸೆಕ್, ಅಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವೇ ಇದೆ. ಧಾರವಾಡದಲ್ಲಿ ಅಭಿವೃದ್ಧಿ ಸಂಶೋಧನೆಯ ಸಿಎಂಡಿಆರ್. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1975ರಿಂದ ಕೆಲವು ಹಳ್ಳಿಗಳ ಮನೆಗಳಿಗೆ ಮತ್ತೆ ಮತ್ತೆ ಹೋಗುತ್ತಿದೆ. ಅದರಲ್ಲಿ ಶಿರಾಪುರ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯದೇ. ಅವರು ಪ್ರಶ್ನಾವಳಿ ಹೇಗೆ ಮಾಡಿದ್ದಾರೆ ನೋಡಿಕೊಂಡು ಬನ್ನಿ.

ಇನ್ನೊಂದು. ಎಲ್ಲರೂ ಹೋಗುವವರ ಬಗ್ಗೆಯೇ ಬರೆಯುತ್ತಾರೆ. ಬಂದವರ ಬಗ್ಗೆಯೂ ಬರೆಯಿರಿ. ಬೀದರ್‌ನ ಮದರಸಾ 1472ರಲ್ಲಿ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಇರಾನಿನ ಗೀಲಾನ್‌ನಿಂದ ಬಂದವನು. ಬಹಮನಿ ದರ್ಬಾರಿನಲ್ಲಿ ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯೇ ನೆಲೆಸಿದ ದಖ್ಖನಿಗಳಿಗೂ ನಡೆದ ಜಗಳದಲ್ಲೇ 1481ರಲ್ಲಿ ಅವನ ತಲೆ ಹೋಯಿತು. ಬಂದವರು ಬೆರೆಯುವುದು ಹೇಗೆ, ಬೆರೆಯದಿದ್ದರೆ ಏನಾಗುತ್ತದೆ ಎಂದು ಕೇಳಲಿಕ್ಕೆ ಯುರೋಪಿಗೇ ಹೋಗಬೇಕಾಗಿಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನ ಬಂಗಾಳಿ ಪುನರ್ವಸತಿ ಕ್ಯಾಂಪ್‌ಗಳೂ ಇವೆ. ಅಲ್ಲಿನ ಮೂರನೇ ತಲೆಮಾರಿನ ಮಕ್ಕಳು ಶಾಲೆಯಲ್ಲಿ ಯಾವ ಭಾಷೆ ಆಡುತ್ತಾರೆ, ಮನೆಯಲ್ಲಿ ಯಾವುದು? ಒಂದು ಪಿಎಚ್‌ಡಿಗೆ ಸಾಕಲ್ಲ?

ಬೆಂಗಳೂರು, ಕಟ್ಟಡ ಕಾರ್ಮಿಕರ ಜೊತೆ ಕೆಲಸ (ಊರು ಸುರಪುರದ ಹತ್ತಿರ)

ಸಂಶೋಧಕರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಮ್ಮ ಶೆಡ್‌ಗಳಿಗೆ ಬರುತ್ತಾರೆ, ಎರಡು ತಾಸು ಪ್ರಶ್ನೆ ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಕೂಲಿಯವನಿಗೆ ಆ ಎರಡು ತಾಸು ಅಂದರೆ ನಿದ್ದೆ.

ಬರುವಾಗ ಏನಾದರೂ ತನ್ನಿ. ದುಡ್ಡು ಅಂತ ಅಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಅರ್ಜಿ ತುಂಬಲಿಕ್ಕೆ ನಿಮ್ಮ ವಿದ್ಯಾರ್ಥಿ ಅರ್ಧ ತಾಸು ಕೂತರೆ ಮುಂದಿನ ವರ್ಷ ಅದೇ ಕುಟುಂಬ ಫೋನ್ ಎತ್ತುತ್ತದೆ. ಅದೇ ಕುಟುಂಬವನ್ನು ವರ್ಷ ವರ್ಷ ಹಿಡಿದು ಹೋಗುವ ಅಧ್ಯಯನ ಬೇಕಲ್ಲ ನಿಮಗೆ? ಇಷ್ಟು ಮಾಡದೆ ಅದು ಆಗದು. ನಂಬರ್ ಒಂದೇ ತೆಗೆದುಕೊಂಡರೂ ಸಾಲದು, ಸಿಮ್ ಬದಲಾಗುತ್ತಲೇ ಇರುತ್ತದೆ. ಊರಲ್ಲಿ ಇರುವ ಅತ್ತೆ, ಅಂಗಡಿಯವನು, ಶಾಲೆ ಮಾಸ್ತರು ಇವರಲ್ಲಿ ಒಬ್ಬರ ನಂಬರೂ ಇರಲಿ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ (2025ರ ನವೆಂಬರ್‌ನಲ್ಲಿ ರದ್ದಾಯಿತು) ರಾಜ್ಯ ದಾಟಿದವರಿಗೆ ಮಾತ್ರ ಇತ್ತು ಅಂತ ಹುಡುಗರಿಗೆ ಮೊದಲೇ ಹೇಳಿಕೊಡಿ. ಯಾದಗಿರಿಯಿಂದ ಬೆಂಗಳೂರಿಗೆ ಬಂದವನು ಎಷ್ಟೇ ದೂರ ಬಂದರೂ ಅದರೊಳಗೆ ಬರಲಿಲ್ಲ. ಬೀದರ್‌ನಿಂದ ಹೈದರಾಬಾದ್‌ಗೆ ಹೋದವನು ಬರಬಹುದಿತ್ತು. ನಮ್ಮ ಮೂರು ಜಿಲ್ಲೆಗಳನ್ನು ಜೊತೆಗಿಟ್ಟು ನೋಡಲಿಕ್ಕೆ ಇದೂ ಒಂದು ಕಾರಣ.

ಪ್ರಶ್ನೆ ಕೇಳಿದವರು

ಬಹಳ ಉಪಕಾರ. ಹೊರದೇಶದ ಸಂಪರ್ಕ ಹಾಗಾದರೆ ಬೇಡವೇ ಬೇಡವಾ? ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ!

ಕಲಬುರಗಿ, ಪಿಎಚ್‌ಡಿ ವಿದ್ಯಾರ್ಥಿನಿ

ಬೇಡ ಅಂತ ಅಲ್ಲ ಮೇಡಂ, ಓದುವುದರಿಂದ ಶುರು ಮಾಡಿ. ಯುರೋಪಿನ ವಲಸೆ ಸಂಶೋಧಕರ ದೊಡ್ಡ ಜಾಲ ಇಮಿಸ್ಕೋ, 2004ರಲ್ಲಿ ಯುರೋಪಿಯನ್ ಒಕ್ಕೂಟದ ದುಡ್ಡಿನಿಂದ ಶುರುವಾದದ್ದು. ಅವರ ಎಷ್ಟೋ ಪುಸ್ತಕಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಆದರೆ ಅಲ್ಲಿನ ಪ್ರಶ್ನೆಗಳು ಗಡಿ, ವೀಸಾ, ಪೌರತ್ವದ ಸುತ್ತ ಜಾಸ್ತಿ. ನಮ್ಮ ಟೋಳಿ (ಕೂಲಿಗಳ ಗುಂಪು), ಮುಂಗಡ, ಶೆಡ್ ಅದಕ್ಕೆ ಸುಲಭವಾಗಿ ಹೊಂದುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೇರಳ. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿತು, ಸುಮಾರು ಐದು ವರ್ಷಕ್ಕೊಮ್ಮೆ ನಡೆಯುತ್ತಾ ಬಂದಿದೆ. ಒಂದೇ ಸಮೀಕ್ಷೆಯನ್ನು ಬಿಡದೆ ಮಾಡಿದ್ದರಿಂದ ಅವರಿಗೆ ಹೆಸರು ಬಂತು, ಸಂಪರ್ಕಗಳು ತಾವಾಗಿ ಬಂದವು.

ಜರ್ನಲ್‌ಗಳಿಗೆ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಇದೆ, 2025ರ ಜನವರಿಯಿಂದ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುತ್ತವೆ. ಲೈಬ್ರರಿಯವರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಿ. ಹಳೆಯ ಪಿಎಚ್‌ಡಿಗಳಿಗೆ ಶೋಧಗಂಗಾ ಜಾಲತಾಣ. ನಂಬಬಹುದಾದ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತುಹೋಯಿತು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಮಾಡುವ ಜರ್ನಲ್‌ಗಳಿಂದ ಹುಡುಗರನ್ನು ಕಾಪಾಡುವ ಕೆಲಸ ಈಗ ಮಾರ್ಗದರ್ಶಕರದೇ.

ಕಲಬುರಗಿ, ಅರ್ಥಶಾಸ್ತ್ರ ಪ್ರಾಧ್ಯಾಪಕ

ದುಡ್ಡಿಗೆ ಐಸಿಎಸ್‌ಎಸ್‌ಆರ್ ಇದೆ, ಸಮಾಜವಿಜ್ಞಾನ ಸಂಶೋಧನೆಗೆ ನೆರವು ಕೊಡುವ ಕೇಂದ್ರದ ಮಂಡಳಿ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಹೈದರಾಬಾದ್‌ನ ಉಸ್ಮಾನಿಯಾ ಆವರಣದಲ್ಲೇ ಇದೆ. ವಿಚಾರ ಸಂಕಿರಣಕ್ಕೆ ಅಲ್ಲಿ ಕೇಳಬಹುದು. ಸಂಶೋಧನಾ ಯೋಜನೆಗೆ ದೆಹಲಿಗೆ ಅರ್ಜಿ ಹಾಕಬೇಕು, ಅವರು ಕರೆ ಕೊಟ್ಟಾಗ ಮಾತ್ರ. ಕರೆ ಬಂದಮೇಲೆ ಬರೆಯಲಿಕ್ಕೆ ಕೂತರೆ ಆಗದು. ಒಂದು ವರ್ಷದ ಮಾಹಿತಿ ಕೈಯಲ್ಲಿ ಇಟ್ಟುಕೊಂಡಿರಿ. ಆ ಮೊದಲ ವರ್ಷಕ್ಕೆ ದೊಡ್ಡ ದುಡ್ಡು ಬೇಕಾಗಿಲ್ಲ, ಎಂಎ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನೇ ಒಂದು ವಿಷಯಕ್ಕೆ ಜೋಡಿಸಿ.

ಅತಿಥಿ ಉಪನ್ಯಾಸಕರು ಹೋದಾಗ ಮಾಹಿತಿಯೂ ಅವರ ಪೆನ್‌ಡ್ರೈವ್‌ನಲ್ಲಿ ಹೋಗುತ್ತದೆ. ಅದಕ್ಕೆ ಮೊದಲೇ ನಿಯಮ ಮಾಡಿ: ಮಾಹಿತಿಯ ಒಂದು ಪ್ರತಿ ವಿಭಾಗದಲ್ಲಿ ಇರಬೇಕು, ಹೆಸರು-ನಂಬರ್ ಬೇರೆ ಕಡೆ ಬೀಗದಲ್ಲಿ ಇರಬೇಕು, ಸಂಗ್ರಹಿಸಿದವರ ಹೆಸರು ಪ್ರಬಂಧದಲ್ಲಿ ಬರಬೇಕು. ಕೊನೆಯದನ್ನು ಎಷ್ಟೋ ಕಡೆ ಪಾಲಿಸುವುದಿಲ್ಲ, ಅದಕ್ಕೇ ಒಳ್ಳೆಯ ಹುಡುಗರು ನಿಲ್ಲುವುದಿಲ್ಲ.

ಹಳ್ಳಿ ಎಷ್ಟು ಅಂತ ನೀವು ಕೇಳುವ ಮುಂಚೆಯೇ ಹೇಳುತ್ತೇನೆ, ಮೂರು ಸಾಕು. ಚಿತ್ತಾಪುರ ಕಡೆ ಮಳೆ ನಂಬಿದ ತೊಗರಿ ಊರು ಒಂದು. ಗುರುಮಿಠಕಲ್ ಕಡೆಯ ತಾಂಡಾ ಒಂದು. ನಾರಾಯಣಪುರ ಕಾಲುವೆ ನೀರು ಮುಟ್ಟುವ ಶಹಾಪುರದ ಊರು ಒಂದು. ನೀರು ಬಂದಮೇಲೂ ಜನ ಯಾಕೆ ಹೋಗುತ್ತಾರೆ ಎಂದು ಆ ಮೂರನೆಯದರಲ್ಲಿ ಕೇಳಿ.