ಬರಿಗಾಲಲ್ಲಿ ಮಣ್ಣು ತುಳಿಯೋಕೆ ಬೆಂಗಳೂರಲ್ಲಿ ಜಾಗ ಎಲ್ಲಿದೆ?

ಶ್ರೀನಗರದವ:
ಅಪ್ಪ ಊರಿಂದ ಬಂದು ಮೂರು ವಾರ ಆಯ್ತು. ತೀರ್ಥಹಳ್ಳಿ ಕಡೆಯವರು, ವಯಸ್ಸು 72, ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಓಡಾಡಿದವರು. ನಮ್ಮ ಮನೆ ಶ್ರೀನಗರದಲ್ಲಿ, ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ ಕೈಗೆ ಸಿಗುತ್ತದೆ. ಮೊನ್ನೆ ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋದೆ. ಒಂದು ಸುತ್ತು ಹಾಕಿ, "ಇದೇನೋ, ತೋಟಕ್ಕೆಲ್ಲ ಟೈಲ್ಸ್ ಹಾಕಿಬಿಟ್ಟಿದ್ದಾರಲ್ಲ" ಅಂದರು. ಐದು ವರ್ಷದಿಂದ ಅಲ್ಲೇ ವಾಕ್ ಮಾಡ್ತಿದ್ದೇನೆ, ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಹುಲ್ಲಿನ ಮೇಲೆ ಕಾಲಿಟ್ಟರೆ ವಾಚ್‌ಮನ್ ಸೀಟಿ ಊದುತ್ತಾನೆ. ಮಣ್ಣಿರೋ ಜಾಗ ಗೊತ್ತಿದ್ದರೆ ಹೇಳಿ. ಅಪ್ಪನಿಗೆ ಮಂಡಿ ನೋವಿದೆ, ಜಾಸ್ತಿ ಹತ್ತೋದು ಆಗಲ್ಲ.

ಬೂರುಗದ ಮರ:
ಲಾಲ್‌ಬಾಗ್ ಸಾರ್, ಬೇರೆ ಯೋಚನೆ ಬೇಡ. 240 ಎಕರೆ ಇದೆ, ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ. ಎಲ್ಲರೂ ಗಾಜಿನ ಮನೆ ಸುತ್ತಿ ಫೋಟೋ ಹೊಡೆದುಕೊಂಡು ವಾಪಸ್ ಬರ್ತಾರೆ. ನೀವು ಡಾಂಬರು ದಾರಿ ಬಿಟ್ಟು ಮರಗಳ ಒಳಗೆ ನುಗ್ಗಿ, ಅಲ್ಲಿ ಒಣಗಿದೆಲೆ, ಮಣ್ಣು ಎರಡೂ ಇದೆ. ಬೆಳಗ್ಗೆ ಬೇಗ ಹೋಗಿ. ಫಲಪುಷ್ಪ ಪ್ರದರ್ಶನದ ದಿನ ಮಾತ್ರ ಆ ಕಡೆ ತಲೆ ಹಾಕಬೇಡಿ, ಅಪ್ಪನಿಗೆ ಹೂವಿಗಿಂತ ಜನರ ಬೆನ್ನೇ ಜಾಸ್ತಿ ಕಾಣೋದು.

ಗಾಂಧಿಬಜಾರ್ ಆಂಟಿ:
ನಿಮ್ಮ ಮನೆ ಹತ್ತಿರವೇ ಕಹಳೆ ಬಂಡೆ ಪಾರ್ಕ್ ಇದೆಯಲ್ಲಪ್ಪ, ಅದೇ ಬ್ಯೂಗಲ್ ರಾಕ್! ಸಂಜೆ ಹೊತ್ತಿಗೆ ಕರೆದುಕೊಂಡು ಹೋಗಿ. ಮರದ ತುಂಬಾ ಬಾವಲಿಗಳು ನೇತಾಡ್ತಿರುತ್ತವೆ, ಕತ್ತಲಾಗ್ತಿದ್ದ ಹಾಗೆ ಒಂದೊಂದೇ ಬಿಟ್ಟು ಹೊರಡುತ್ತವೆ. ನಮ್ಮ ಯಜಮಾನರು ದಿನಾ ಅದನ್ನ ನೋಡೋಕೇ ಹೋಗ್ತಾರೆ, ವಾಕಿಂಗ್ ಅನ್ನೋದು ಸುಮ್ನೆ ನೆಪ.

ಕನಕಪುರ ರೋಡ್ ಸೈಕಲ್:
ಕಾಡೇ ಬೇಕಂದ್ರೆ ತುರಹಳ್ಳಿ. ಕುರುಚಲು ಕಾಡು, ಬಂಡೆಗಳು, ನವಿಲು ಕೂಗೋದು ಕೇಳಿಸುತ್ತದೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಹೊರಟಿದ್ದರು, ಸುತ್ತಮುತ್ತಲ ಜನ ಬೀದಿಗಿಳಿದು ಗಲಾಟೆ ಮಾಡಿದ ಮೇಲೆ ನಿಂತಿತು. ಕಾಡಿಗೆ ಮತ್ತೆ ಪಾರ್ಕ್ ಯಾಕೆ ಅಲ್ವಾ? ಮಂಡಿ ನೋವಿದ್ದರೆ ಬಂಡೆ ಹತ್ತಿಸಬೇಡಿ, ಕೆಳಗಿನ ಮಣ್ಣು ದಾರಿ ಸಾಕು. ಒಬ್ಬರೇ ಹೋಗೋದು ಬೇಡ, ಬಿಸಿಲೇರೋ ಮುಂಚೆ ವಾಪಸ್ ಬನ್ನಿ.

ಹೊಂಗೆ ನೆರಳು:
ಎಲ್ಲರೂ ದೂರದ ಜಾಗವನ್ನೇ ಹೇಳ್ತಿದ್ದೀರ. ಆಟೋದಲ್ಲಿ ಹೋಗಿ ಮಣ್ಣು ತುಳಿದು ಬರಬೇಕಾ? ಬೀದಿ ಕೊನೆಯ ಪಾರ್ಕನ್ನು ಸರಿ ಮಾಡಿಸೋದು ಮೊದಲ ಕೆಲಸ. ಮರದ ಬುಡದವರೆಗೂ ಸಿಮೆಂಟ್ ಮೆತ್ತಿದರೆ ನೀರು ಇಂಗಲ್ಲ, ಬೇರಿಗೆ ಗಾಳಿ ಸಿಗಲ್ಲ, ಆಮೇಲೆ ಮಳೆ ಬಂದು ಮರ ಬಿದ್ದರೆ ಮರಕ್ಕೇ ಬೈತೀವಿ. ದೆಹಲಿಯಲ್ಲಿ 2013ರಲ್ಲೇ ಹಸಿರು ನ್ಯಾಯಮಂಡಳಿ, ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಕಿತ್ತುಹಾಕಿ ಅಂತ ಹೇಳಿತ್ತು. ನಮ್ಮ ಬೀದಿಯಲ್ಲಿ ಹದಿನೈದು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟೆವು, ನಾಲ್ಕು ತಿಂಗಳು ಅಲೆದ ಮೇಲೆ ಎರಡು ಮರದ ಬುಡ ಬಿಡಿಸಿದರು. ಎರಡೇ. ಆದರೂ ಈಗ ಅಲ್ಲಿ ಎರೆಹುಳದ ಮಣ್ಣು ಎದ್ದಿದೆ.

ಶ್ರೀನಗರದವ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಲಾಲ್‌ಬಾಗಿಗೆ ಹೋಗಿದ್ದೆವು. ಒಳಗೆ ಹೋಗ್ತಿದ್ದ ಹಾಗೇ ಅಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು, ಜನ ತಿರುಗಿ ತಿರುಗಿ ನೋಡ್ತಿದ್ದರು, ಅವರಿಗೇನೂ ಅನ್ನಿಸಲಿಲ್ಲ. ಕೆಂಪೇಗೌಡರ ಗೋಪುರದ ಬಂಡೆ ಹತ್ತಿರ ನಿಂತು, ಇದಕ್ಕೆ ಸುಮಾರು 300 ಕೋಟಿ ವರ್ಷ ಅಂತೆ ಅಂದೆ. "ಅದಕ್ಕೇ ಇನ್ನೂ ಯಾರೂ ಟೈಲ್ಸ್ ಹಾಕಿಲ್ಲ" ಅಂದರು. ಹೊಂಗೆ ನೆರಳು ಅವರೇ, ಆ ಅರ್ಜಿ ಹೇಗೆ ಬರೆದಿರಿ ಅಂತ ಸ್ವಲ್ಪ ಕಳಿಸ್ತೀರಾ? ಭಾನುವಾರ ತುರಹಳ್ಳಿ. ಅಲ್ಲಿ ಕವಳಿ ಹಣ್ಣು ಸಿಗುತ್ತಾ ಅಂತ ಅಪ್ಪ ಈಗಲೇ ಕೇಳ್ತಿದ್ದಾರೆ.