ಶಬ್ದಕ್ಕೆ ಮಹಾಪ್ರಾಣ

(ಕುಟುಂಬದ ವಾಟ್ಸಾಪ್ ಗುಂಪಿಗೆ ಅಣ್ಣ ಒಂದು ಚಿತ್ರ ಹಾಕಿದ. ನಮ್ಮೂರ ವಾಚನಾಲಯದ ಬಾಗಿಲಿಗೆ ಅಂಟಿಸಿದ ಸೂಚನೆ. ಮೇಲೆ ಮಲಯಾಳ, ಕೆಳಗೆ ಕನ್ನಡ: "ನಿಶ್ಯಬ್ಧವಾಗಿರಿ. ಗಟ್ಟಿಯಾಗಿ ಓದಬಾರದು. ಮೊಬೈಲ್ ಬಳಸಬಾರದು.")

ಅಣ್ಣ: ವಾಚನಾಲಯದವರಿಗೆ ಕೊನೆಗೂ ಬುದ್ಧಿ ಬಂತು.

ಚಿಕ್ಕಮ್ಮ: ಬುದ್ಧಿ ಬಂತು, ಕಾಗುಣಿತ ಬರಲಿಲ್ಲ. ಅದು ನಿಶ್ಶಬ್ದ. ಶಬ್ದಕ್ಕೆ ಮಹಾಪ್ರಾಣ ಕೊಟ್ಟು ಗದ್ದಲ ಹೆಚ್ಚಿಸಿದ್ದಾರೆ.

ದೊಡ್ಡಪ್ಪ: ಎರಡನೆಯ ಸಾಲು ನನಗಾಗಿಯೇ ಬರೆದದ್ದು. ಅಲ್ಲಿ ಗಟ್ಟಿಯಾಗಿ ಓದುವವನು ನಾನೊಬ್ಬನೇ.

ನಾನು: ಯಾರಿಗಾಗಿ ಓದುತ್ತೀರಿ ಎಂಬುದು ಅವರಿಗೆ ಗೊತ್ತಿಲ್ಲವೇ?

ದೊಡ್ಡಪ್ಪ: ಗೊತ್ತಿಲ್ಲದೆ ಏನು? ನನ್ನೊಟ್ಟಿಗೆ ಶಾಲೆಗೆ ಬಂದವನು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಒಂಬತ್ತು ಗಂಟೆಗೆ ಕೋಲು ಊರಿಕೊಂಡು ಬರುತ್ತಾನೆ. ಮೊದಲು ಮರಣ ವಾರ್ತೆ, ಆಮೇಲೆ ಅಡಿಕೆ ಧಾರಣೆ, ಆಮೇಲೆ ಉಳಿದ ಲೋಕ. ಪರಿಚಯದ ಹೆಸರು ಸಿಕ್ಕಿದರೆ ಓದು ಅಲ್ಲಿಗೇ ನಿಲ್ಲುತ್ತದೆ. ಸತ್ತವನ ಮದುವೆಯಿಂದ ಹಿಡಿದು ಜಾಗದ ತಕರಾರಿನವರೆಗೆ ಎಲ್ಲವೂ ಆಗಬೇಕು. ಅರ್ಧ ಗಂಟೆಯ ಪತ್ರಿಕೆಗೆ ಒಂದೂವರೆ ಗಂಟೆ ಹಿಡಿಯುತ್ತದೆ.

ಅಣ್ಣ: ನನ್ನ ತಕರಾರು ಆ ಒಂದೂವರೆ ಗಂಟೆಯದೇ, ದೊಡ್ಡಪ್ಪ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವನಾಗಿ ಹೇಳುತ್ತೇನೆ. ಗ್ರಂಥಾಲಯ ಶಾಸ್ತ್ರದ ಪಿತಾಮಹ ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸಬೇಕು ಎಂಬುದು. ಇರುವುದೇ ಒಂದು ಕೋಣೆ. ಉಳಿದವರ ಸಮಯದ ಗತಿ?

ದೊಡ್ಡಪ್ಪ: ಎರಡನೆಯದನ್ನು ಏಕೆ ಹಾರಿಸಿದೆ? ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ. ಅವನ ಪುಸ್ತಕ ನನ್ನ ಗಂಟಲು. ಅವರ ಶ್ರಮದಿಂದ ಮದ್ರಾಸಿನ ಗ್ರಂಥಾಲಯ ಕಾಯ್ದೆ 1948ರಲ್ಲಿ ಬಂದಾಗ ಕಾಸರಗೋಡು ಮದ್ರಾಸಿಗೇ ಸೇರಿತ್ತು, ಆದ್ದರಿಂದ ರಂಗನಾಥನ್ ನಿನಗೆಷ್ಟೋ ನನಗೂ ಅಷ್ಟೇ. 1956ರಲ್ಲಿ ನಾವು ಸೇರಿದ ಕೇರಳದಲ್ಲೋ, ಪಿ.ಎನ್. ಪಣಿಕ್ಕರ್ ಅವರ ಗ್ರಂಥಶಾಲಾ ಸಂಘ ಅಕ್ಷರ ಬಾರದವರಿಗೆ ಅಕ್ಷರ ಕಲಿಸಲು ಹೊರಟಿತು. ಅವರ ಪುಣ್ಯತಿಥಿ ಜೂನ್ 19, ವಾಚನ ದಿನ. ಕಳೆದ ತಿಂಗಳು ಆ ದಿನ ಇದೇ ಕೋಣೆಯಲ್ಲಿ ಮೈಕ್ ಕಟ್ಟಿ ಎರಡು ಗಂಟೆ ಭಾಷಣ ಮಾಡಿಸಿದರು. ನಿಶ್ಶಬ್ದ ಆಗ ಎಲ್ಲಿಗೆ ಹೋಗಿತ್ತು?

ಚಿಕ್ಕಮ್ಮ: ಭಾವ ಸರಿಯಾಗಿ ಬರೆದರು. ಶಕಾರಕ್ಕೆ ಶಕಾರ ಒತ್ತು.

ತಂಗಿ: ಈ ಸಂದೇಶವನ್ನು ಅಳಿಸಲಾಗಿದೆ

ಅಣ್ಣ: ಏನದು ಅಳಿಸಿದ್ದು?

ತಂಗಿ: ದೂರು ಕೊಟ್ಟವಳು ನಾನು, ದೊಡ್ಡಪ್ಪ.

(ಹದಿನೇಳು ನಿಮಿಷ ಯಾರೂ ಏನೂ ಬರೆಯಲಿಲ್ಲ. ಚಿಕ್ಕಮ್ಮ ಮೂರು ಸಲ ಟೈಪ್ ಮಾಡಲು ತೊಡಗಿ ಬಿಟ್ಟರು.)

ತಂಗಿ: ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ, ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತರ ಹುದ್ದೆಗೆ. ಮನೆಯಲ್ಲಿ ಮಗುವಿನೊಂದಿಗೆ ಒಂದು ಪುಟವೂ ಮುಂದೆ ಹೋಗುವುದಿಲ್ಲ. ನೀವು ಪತ್ರಿಕೆ ಓದುವುದರಿಂದ ನನಗೆ ತೊಂದರೆಯಿಲ್ಲ. ಅಡಿಕೆ ಧಾರಣೆ ನನಗೂ ಬಾಯಿಪಾಠವಾಗಿದೆ. ನಾನು ದೂರಿದ್ದು ನಿಮ್ಮ ಮೊಬೈಲನ್ನು. ಕರೆ ಬಂದಾಗಲೆಲ್ಲ ಅದರಲ್ಲಿ ಯಕ್ಷಗಾನದ ಚೆಂಡೆ ಶುರುವಾಗುತ್ತದೆ. ನೀವು ಕಿಸೆಯಿಂದ ತೆಗೆದು, ಕನ್ನಡಕ ಹುಡುಕಿ, ಯಾರ ಕರೆ ಎಂದು ನೋಡುವಷ್ಟರಲ್ಲಿ ಒಂದು ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ಹೋಗಿರುತ್ತದೆ. ಆಮೇಲೆ ಸ್ಪೀಕರ್ ಹಾಕಿ ಮಾತು. ಗಟ್ಟಿಯಾಗಿ ಓದಬಾರದು ಎಂಬುದನ್ನು ಸಮಿತಿಯವರೇ ಸೇರಿಸಿದರು.

ದೊಡ್ಡಪ್ಪ: ಅರ್ಧ ಕರೆಗಳು ನಿನ್ನ ಚಿಕ್ಕಮ್ಮನವು.

ಚಿಕ್ಕಮ್ಮ: ನನ್ನನ್ನು ಎಳೆಯಬೇಡಿ, ಭಾವ.

ದೊಡ್ಡಪ್ಪ: ನನಗೇ ಹೇಳಬಹುದಿತ್ತು, ಮಗಳೇ.

ತಂಗಿ: ಎರಡು ಸಲ ಹೇಳಿದೆ. ಚೆಂಡೆ ಬಾರಿಸುತ್ತಿತ್ತು.

ನಾನು: ಚೆಂಡೆ ನಿಲ್ಲಲಿ, ಓದು ನಿಲ್ಲುವುದು ಬೇಡ. ಆ ಸಾಲು ತೆಗೆಯುವಂತೆ ಸಮಿತಿಗೆ ನಾನು ಬರೆಯುತ್ತೇನೆ.

ಅಣ್ಣ: ಜಗಲಿಯಲ್ಲಿ ಬೆಂಚು ಇದೆಯಲ್ಲ?

ದೊಡ್ಡಪ್ಪ: ಆಗಲಿ. ನಾಳೆಯಿಂದ ಮೊಬೈಲ್ ಮನೆಯಲ್ಲಿ, ನಾವಿಬ್ಬರು ಜಗಲಿಯಲ್ಲಿ. ಮಳೆ ಬಂದರೆ ಮಾತ್ರ ಒಳಗೆ ಬರುತ್ತೇವೆ.

ತಂಗಿ: ಈಗ ಮಳೆ ಬಿಡದ ಆಟಿ ತಿಂಗಳು, ದೊಡ್ಡಪ್ಪ.